ಅಲುಗದೆ ನಿಲ್ಲುವ ಕುದುರೆ

ಲಕ್ಷ್ಮೇಶ್ವರದ ಮೊಹಸಿನನ ಕುದುರೆಗೆ ಸುತ್ತಲಿನ ಊರುಗಳಲ್ಲಿ ದೊಡ್ಡ ಹೆಸರಿತ್ತು. ಕಿವಿಯ ಪಕ್ಕದಲ್ಲೇ ಡಿಜೆ ಬಡಿದರೂ, ಕಾಲ ಬುಡದಲ್ಲಿ ಪಟಾಕಿ ಸಿಡಿದರೂ ಬಿಳಿಯ ಹೆಣ್ಣುಗುದುರೆ ರೇಷ್ಮಾ ಅಲುಗುತ್ತಿರಲಿಲ್ಲ. ಮದುಮಗನನ್ನು ಹೊತ್ತು ಗೊಂಬೆಯ ಹಾಗೆ ನಿಂತಿರುತ್ತಿತ್ತು. "ಕುದ್ರಿ ಅಲ್ಲಪಾ ಅದು, ಸಾಧು" ಎನ್ನುತ್ತ ಶಿರಹಟ್ಟಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಗದಗಿನಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡುವ ಕಾಂಚನಾ ಮೇಡಂ, ದುಡಿಯುವ ಪ್ರಾಣಿಗಳ ಅಂಜಿಕೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ರೇಷ್ಮಾಳ ಎದೆಗೆ ಪಟ್ಟಿ ಕಟ್ಟಿ ಬಡಿತ ಅಳೆಯಲೇ ಎಂದು ಕೇಳಿದಾಗ ಮೊಹಸಿನ ಖುಷಿಯಿಂದಲೇ ಒಪ್ಪಿದ್ದ. ತನ್ನ ಕುದುರೆಯ ಗುಣ ಕಾಲೇಜಿನವರಿಗೂ ತಿಳಿಯಲಿ ಎಂದುಕೊಂಡಿದ್ದ.

ಕೆಲವು ಮೆರವಣಿಗೆಗಳಲ್ಲಿ ಅಳೆದ ಮೇಲೆ ಮೇಡಂ ಒಂದು ಮಧ್ಯಾಹ್ನ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರು. ಮೇವು ತಿನ್ನುವ ಹೊತ್ತಿನ ಎದೆಬಡಿತದ ಗೆರೆ ಸಣ್ಣ ಅಲೆಯಂತಿತ್ತು. ಆಮೇಲೆ ಅದು ಒಮ್ಮೆಲೇ ಹುಚ್ಚೆದ್ದು ಮೇಲಕ್ಕೇರಿತ್ತು.

"ಇಲ್ಲಿ ಓಡಾಕತ್ತಿತ್ತೇನ್ರಿ?" ಮೊಹಸಿನ ಕೇಳಿದ.

"ಇಲ್ಲಣ್ಣ. ಡಿಜೆ ಮುಂದ ನಿಂತಿತ್ತು."

"ನಿಂತಿತ್ತಂದ್ರ ಆರಾಮ ಇತ್ತಲ್ರಿ."

ಮೇಡಂ ಆ ಗೆರೆಯ ಮೇಲೆ ಬೆರಳಿಟ್ಟು ಹೇಳಿದರು. "ಅಂಜಿದ ಪ್ರಾಣಿ ಎಲ್ಲಾ ಓಡೂದಿಲ್ರಿ. ಓಡಾಕ ದಾರಿ ಇಲ್ಲ ಅಂತ ಗೊತ್ತಾದ್ರ ಹಿಂಗ ಬಿಗಿಹಿಡದು ನಿಂದರತಾವು."

"ನಿಮ್ಮ ಮಷೀನ ತಪ್ಪಿರಬೇಕು" ಎಂದು ಮೊಹಸಿನ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದ.

ಅಂದಿನಿಂದ ಅವನಿಗೆ ಕುಂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಲಾಯಕ್ಕೆ ಹೋಗುತ್ತಿದ್ದ. ರೇಷ್ಮಾಳ ಮುಖ ನೋಡಿ ವಾಪಸ್ಸು ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. "ಕಾಲಾಗ ಇರಿವಿ ಬಿಟಗೊಂಡಾರಂಗ ಯಾಕ ತಿರಗಾಕತ್ತೀರಿ?" ಎಂದು ಹೆಂಡತಿ ತಸ್ಲೀಮ ಕೇಳಿದರೆ, ಏನಿಲ್ಲ ಎಂದು ಹೊರಗೆ ನಡೆದುಬಿಡುತ್ತಿದ್ದ.

ಆ ವಾರವೇ ಕಾಳಿನ ವ್ಯಾಪಾರಿ ಹುಚ್ಚೀರಪ್ಪನ ಮಗ ನಂದೀಶನ ಮದುವೆ. ಬೆಳಿಗ್ಗೆ ಬಜಾರದಿಂದ ಮೆರವಣಿಗೆ ಹೊರಟಿತು. ಲಾರಿಯ ತುಂಬ ಪೇರಿಸಿದ ಸ್ಪೀಕರುಗಳು ಗುಡುಗಿದವು, ಅಂಗಡಿಗಳ ಶಟರು ನಡುಗಿದವು. ರೇಷ್ಮಾ ನಂದೀಶನನ್ನು ಹೊತ್ತು ಎಂದಿನಂತೆ ಕಲ್ಲಾಗಿ ನಿಂತಿತು. ಮೊಹಸಿನ ಯಾರಿಗೂ ಕಾಣದ ಹಾಗೆ ಅದರ ಮುಂಗಾಲಿನ ಹಿಂದೆ, ಎದೆಗೆ ಅಂಗೈ ಒತ್ತಿದ. ಒಳಗಿನಿಂದ ಯಾರೋ ಗುದ್ದುತ್ತಿರುವ ಹಾಗಿತ್ತು. ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿತ್ತು, ಬಾಯಿ ಬಿಗಿದಿತ್ತು. ಇದೆಲ್ಲ ಅವನು ಎಷ್ಟೋ ಸಲ ಕಂಡದ್ದೇ. ಅದನ್ನೇ ಅವನು ಸಾಧುತನ ಎಂದುಕೊಂಡಿದ್ದ.

ಅವನು ಹುಚ್ಚೀರಪ್ಪನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ. "ಸಾವಕಾರ್ರ, ಸೌಂಡ ಕಮ್ಮಿ ಮಾಡಸ್ರಿ. ಕುದ್ರಿ ಅಂಜೈತಿ."

"ಎಲ್ಲಿ ಅಂಜೈತೋ? ಸುಮ್ಮನ ನಿಂತಿದ್ದು ಕಾಣವಲ್ದೇನು?"

ಮೊಹಸಿನನೂ ಮೇಡಂಗೆ ಹೇಳಿದ್ದು ಅದೇ ಮಾತು. ಹುಚ್ಚೀರಪ್ಪ ಕುಣಿಯುವವರ ಕಡೆ ತಿರುಗಿದ. ಮೊಹಸಿನ ಲಗಾಮು ಹಿಡಿದು ನಂದೀಶನತ್ತ ಮುಖ ಎತ್ತಿದ. "ತಮ್ಮಾ, ಇಳೀರಿ."

"ಏನಾತು? ಹಾರತೈತೇನು?"

"ಇಳೀರಿ ಜಲ್ದಿ."

ಬಾಸಿಂಗ ಹಿಡಿದುಕೊಂಡು ನಂದೀಶ ಗಾಬರಿಯಿಂದ ಇಳಿದ. ಅವನಿಗೆ ಕುದುರೆಯ ಮೇಲೆ ಕರುಣೆ ಬಂದದ್ದಲ್ಲ, ತನ್ನ ಜೀವದ ಭಯ. ಯಾರೋ ಮೊಹಸಿನನ ಅಂಗಿಯ ಕಾಲರು ಹಿಡಿದರು, ಇನ್ಯಾರೋ ಬಿಡಿಸಿದರು. ಬಾಯಿಗೆ ಬಂದ ಹಾಗೆ ಬಯ್ಯಿಸಿಕೊಳ್ಳುತ್ತ ಅವನು ರೇಷ್ಮಾಳನ್ನು ಪಕ್ಕದ ಓಣಿಗೆ ನಡೆಸಿಕೊಂಡು ಹೋದ. ಮದುಮಗ ಕಾರು ಹತ್ತಿದ, ಮೆರವಣಿಗೆ ಮುಂದೆ ಸಾಗಿತು. ಡಿಜೆಯ ಸದ್ದು ತಿರುವು ದಾಟಿ ಕ್ಷೀಣಿಸಿದ ಮೇಲೆ ರೇಷ್ಮಾ ನಡುಗತೊಡಗಿತು. ಮೈಯೆಲ್ಲ ಬೆವರಿ, ನಿಲ್ಲದ ನಡುಕ. ಮೊಹಸಿನ ಜೀನು ಬಿಚ್ಚಿ ಕೆಳಗಿಟ್ಟು, ಅದರ ಕೊರಳು ತಬ್ಬಿಕೊಂಡು ನಿಂತ.

ಮೊಹಸಿನನ ಕುದುರೆಗೆ ತಲೆ ಕೆಟ್ಟಿದೆಯೆಂಬ ಖಬರು ಹಬ್ಬಿತು. ಡಿಜೆ ಇದ್ದಲ್ಲಿಗೆ ಬರುವುದಿಲ್ಲ ಎಂದು ಅವನೂ ಹೇಳತೊಡಗಿದ. ಬರೀ ಶಹನಾಯಿ ಇಟ್ಟವರು ಅಪರೂಪಕ್ಕೆ ಕರೆದರು. ತಸ್ಲೀಮ ಬಯ್ಯಲಿಲ್ಲ. ಹಳೆಯ ಹೊಲಿಗೆ ಮಷೀನಿಗೆ ಎಣ್ಣೆ ಹಾಕಿ ಊರವರ ಬಟ್ಟೆ ಹೊಲಿಯಲು ಕೂತಳು.

ಮುಂದೆ ಕಾಂಚನಾ ಮೇಡಂ ಮುಂಡರಗಿಯಲ್ಲಿ ಕುದುರೆ ಸಾಕುವವರ ಶಿಬಿರ ಇಟ್ಟು, ಮಾತಾಡಲು ಮೊಹಸಿನನನ್ನು ಕರೆದರು. ಅವನು ನಡೆದದ್ದನ್ನೆಲ್ಲ ಹೇಳಿ ಮುಗಿಸುತ್ತಲೇ ಕೊರ್ಲಹಳ್ಳಿಯ ಮುದುಕ ಗೌಸಸಾಬ ಎದ್ದು ನಿಂತ.

"ನೀ ಬರೂದಿಲ್ಲ ಅಂದ್ರ ಅವರು ಬ್ಯಾರೆ ಕುದ್ರಿ ತರತಾರಪಾ. ಅದಕ್ಕೂ ಎದಿ ಇರತೈತಲ್ಲ?"

ಮೊಹಸಿನ ಮೇಡಂ ಕಡೆ ನೋಡಿದ. "ಇರತೈತ್ರಿ" ಎಂದರು ಅವರು. "ಅದಕ್ಕ ನಿಮ್ಮನ್ನೆಲ್ಲಾ ಕರಸೀನಿ. ಒಬ್ಬರು ಒಲ್ಲೆ ಅಂದ್ರ ಸಾಲೂದಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಇಬ್ಬರು ಮೂವರು ಎದ್ದೇ ಹೋದರು. ಗೌಸಸಾಬ ಗಡ್ಡ ನೀವಿಕೊಂಡು, "ಆತು, ಆ ಪಟ್ಟಿ ನಮ್ಮದಕ್ಕೂ ಒಮ್ಮಿ ಕಟ್ಟಿ ನೋಡ್ರಿ" ಎಂದ.

"ಕಾಕಾ, ಗೊತ್ತಾದ ಮ್ಯಾಲ ಸುಮ್ಮನ ಇರಾಕ ಆಗೂದಿಲ್ಲ" ಎಂದ ಮೊಹಸಿನ.

ಮುದುಕ ಆಗಲೇ ಬೇವಿನ ಮರದ ಕೆಳಗೆ ಕಟ್ಟಿದ್ದ ತನ್ನ ಕುದುರೆಯ ಕಡೆ ಹೊರಟಿದ್ದ.