ಯುಜುವಿಗೆ ಕೊಟ್ಟ ಚಳಿಗಾಲ

ಯುಜು ಮೊದಲ ಮೊಟ್ಟೆ ಇಟ್ಟ ದಿನ ನಾನು ಕೆಂಪು ಕಾಳು ಹಾಕಿ ಅನ್ನ ಮಾಡಿದೆ. ನಮ್ಮಲ್ಲಿ ಮನೆಯ ಹುಡುಗಿ ದೊಡ್ಡವಳಾದಾಗ ಮಾಡುವ ಅಡುಗೆ ಅದು. ನಮಗೆ ಮಕ್ಕಳಿಲ್ಲ. ಇದ್ದದ್ದು ಅಂಗೈಯಲ್ಲಿ ಹಿಡಿಸುವ ಒಂದು ಹಳದಿ ಬಡ್ಜಿ ಗಿಣಿ. ಅದಕ್ಕೆ ಎರಡು ವರ್ಷ ತುಂಬಿತ್ತು, ಹೆಣ್ಣು ಗಿಣಿ ಬಲಿತ ಗುರುತಾಗಿ ಕೊಕ್ಕಿನ ಮೇಲಿನ ತೊಗಲು ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಗಂಡ ತೋಕುಜಿ ಆ ಅನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದರು. ನಮ್ಮ ಬುದ್ಧಿಗೆ ಏನೆನ್ನಬೇಕೋ.

ತೋಕುಜಿ ಮೂವತ್ತನಾಲ್ಕು ಚಳಿಗಾಲ ನಮ್ಮ ಯೊಕೋತೆ ಊರಿನ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದವರು. ರಾತ್ರಿಯೆಲ್ಲ ದುಡಿದು ಬಂದು ಹಗಲೆಲ್ಲ ಮಲಗುತ್ತಿದ್ದರು. ನಮ್ಮಿಬ್ಬರ ನಡುವೆ ಮಾತೆಂದರೆ ಉಪ್ಪು, ಸಾರು, ಸ್ನಾನದ ನೀರು, ಅಷ್ಟೇ. ನಿವೃತ್ತರಾದ ಮೇಲೂ ಬಾಯಿಗೆ ಹಾಕಿದ ಬೀಗ ಹಾಗೇ ಇತ್ತು. ಯುಜು ಬಂದ ಮೇಲೆ ಅದು ಕಳಚಿತು, ಅದೂ ಅವಳಿಗೆ ಮಾತ್ರ. ಯಾವ ವರ್ಷ ಯಾವ ತಿರುವಿನಲ್ಲಿ ಎಷ್ಟು ಹಿಮ ಬಿದ್ದಿತ್ತೆಂದು ಗಿಣಿಗೆ ವರದಿ ಒಪ್ಪಿಸುತ್ತ ಕೂರುವರು.

"ರೀ, ನನಗೂ ರೆಕ್ಕೆ ಬಂದ್ರೆ ಎರಡು ಮಾತಾಡ್ತೀರೇನೋ," ಎಂದು ಒಮ್ಮೆ ಚುಚ್ಚಿದೆ.

"ನೀನು ಹಾರಿಹೋದ್ರೆ ಅಡುಗೆ ಯಾರು ಮಾಡ್ತಾರೆ?" ಎಂದರು.

ನಗು ಬಂತು. ಹೊಟ್ಟೆ ಉರಿದದ್ದೂ ನಿಜ.

ಹಿಮ ಶುರುವಾಯಿತೆಂದರೆ ನಮ್ಮ ಬದುಕೆಲ್ಲ ಕೊತಾತ್ಸುವಿನ ಸುತ್ತ. ಆ ಕುಳ್ಳ ಮೇಜಿನ ಅಡಿಯ ಹೀಟರ್ ಹಚ್ಚಿ, ಸುತ್ತ ಇಳಿಬಿಟ್ಟ ರಜಾಯಿಯೊಳಗೆ ಕಾಲು ತೂರಿಸಿ ಕೂತರೆ ಏಳುವ ಮನಸ್ಸೇ ಬಾರದು. ಯುಜುವೂ ರಜಾಯಿಯಡಿ ನುಸುಳಿ ನಮ್ಮ ಕಾಲುಗಳ ನಡುವೆ ಓಡಾಡುವಳು. ಬೆನ್ನು ಸವರಿದರೆ ಬಾಲ ಎತ್ತಿ ಅಲ್ಲಾಡದೆ ನಿಲ್ಲುವಳು. ಎಷ್ಟು ಪ್ರೀತಿ ಇದಕ್ಕೆ ಎಂದುಕೊಂಡೆವು. ಮೊದಲ ಸಲ ಐದು ಮೊಟ್ಟೆ. ತೆಗೆದು ಎಸೆದೆವು. ಮತ್ತೆ ಆರು ಇಟ್ಟಳು. ಡಿಸೆಂಬರ್ ಹೊತ್ತಿಗೆ, ದಿನಾ ಬೆಳಿಗ್ಗೆ ತೂಕ ನೋಡುವ ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಲಾರದೆ ಕೂತುಬಿಟ್ಟಳು.

ಪಕ್ಕದೂರಿನ ಪಕ್ಷಿ ಡಾಕ್ಟರ್ ಕುದೋ ನಮಗಿಂತ ಎಷ್ಟೋ ಚಿಕ್ಕವಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಅಮ್ಮಾ, ಇವಳು ಮರಿಯಲ್ಲ, ವಯಸ್ಸಿಗೆ ಬಂದ ಹೆಣ್ಣು. ಬೆಚ್ಚಗಿನ ಕತ್ತಲು ಸಿಕ್ರೆ ಗೂಡು ಅಂದ್ಕೊಳ್ತಾಳೆ, ಬೆನ್ನು ಸವರಿದ್ರೆ ಗಂಡು ಬಂದ ಅಂದ್ಕೊಳ್ತಾಳೆ. ಮೈಯಲ್ಲಿದ್ದ ಸುಣ್ಣವೆಲ್ಲ ಮೊಟ್ಟೆಗೇ ಹೋಗಿದೆ. ಇನ್ನೊಂದು ಮೊಟ್ಟೆ ಇಟ್ರೆ ಉಳಿಯಲ್ಲ. ಹೊರಗೆ ಚಳಿಗಾಲ ಇದೆ ಅಂತ ಅವಳಿಗೂ ಗೊತ್ತಾಗ್ಲಿ, ಆಗ ಮೊಟ್ಟೆ ನಿಲ್ಲುತ್ತೆ."

ಸಂಜೆ ಐದಕ್ಕೆ ಪಂಜರಕ್ಕೆ ಬಟ್ಟೆ ಮುಚ್ಚಬೇಕು, ಬೆಳಿಗ್ಗೆ ಏಳಕ್ಕೆ ತೆಗೆಯಬೇಕು. ಕಾಳು ಅಳೆದು ಹಾಕಬೇಕು. ಅವಳಿಗೆ ಕೊತಾತ್ಸು ಬೇಡ, ಮುಟ್ಟುವುದು ಬೇಡ, ಮುದ್ದು ಮಾತೂ ಬೇಡ. ತೋಕುಜಿ ಇದನ್ನೆಲ್ಲ ಕ್ಯಾಲೆಂಡರಿನ ಹಿಂಬದಿಗೆ ಬರೆದು ಫ್ರಿಜ್ಜಿಗೆ ಅಂಟಿಸಿದರು. ಗಾಡಿ ಓಡಿಸುತ್ತಿದ್ದ ಕಾಲದ ಶಿಸ್ತೇ ಶಿಸ್ತು. ಗಿಣಿಯ ಜೊತೆ ಮಾತು ನಿಂತ ಮೇಲೆ ಅವರಿಗೆ ಮಾತೇ ಉಳಿಯಲಿಲ್ಲ. ಮೂರು ವಾರ ಆ ಮನೆಯಲ್ಲಿ ಕೇಳಿದ್ದು ಹೀಟರಿನ ಗುಂಯ್ ಸದ್ದು ಮತ್ತು ಬಟ್ಟೆಯೊಳಗಿಂದ ಯುಜು ನಮ್ಮನ್ನು ಕರೆಯುವ ಸದ್ದು. ಆದರೂ ಮೊಟ್ಟೆ ನಿಂತಿತು. ತೂಕ ಎರಡು ಗ್ರಾಂ ಏರಿತು.

ಜನವರಿಯಲ್ಲಿ ತೋಕುಜಿ ಎದುರು ಮನೆಯ ಅಜ್ಜಿಯ ಸೂರಿನ ಹಿಮ ಇಳಿಸಲು ಹೋಗತೊಡಗಿದರು. ಮಧ್ಯಾಹ್ನವೆಲ್ಲ ನಾನೊಬ್ಬಳೇ. ಯುಜು ಸರಳು ಕಚ್ಚಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಪಂಜರದ ಬಾಗಿಲು ತೆಗೆದೆ. ಹೆಗಲಿಗೆ ಹಾರಿದವಳು ಕೆನ್ನೆಗೆ ತಲೆ ಉಜ್ಜಿದಳು. ಅವಳಿಗೆ ಪಾಪ ಅನಿಸಿ ತೆಗೆದೆ ಎಂದು ಹೇಳಿಕೊಳ್ಳಬಹುದು. ಸುಳ್ಳು. ನನ್ನನ್ನು ಮುಟ್ಟುವ ಜೀವ ಆ ಮನೆಯಲ್ಲಿ ಅದೊಂದೇ ಇತ್ತು, ನನಗೆ ಅದು ಬೇಕಿತ್ತು. ರಜಾಯಿ ಎತ್ತಿ ಒಳಗೆ ಬಿಟ್ಟುಕೊಂಡೆ, ಬೆನ್ನು ಸವರಿದೆ. ಇವತ್ತೊಂದು ದಿನ ಎಂದುಕೊಂಡೆ. ಹಾಗೆ ಐದು ದಿನ.

ಮೊದಲ ಸಲ ಬಾಗಿಲು ತೆಗೆದ ದಿನದಿಂದ ಎಂಟನೆಯ ದಿನ ಬೆಳಿಗ್ಗೆ ಬಟ್ಟೆ ತೆಗೆದಾಗ ಯುಜು ಪಂಜರದ ತಳದಲ್ಲಿ ಮೈ ಉಬ್ಬಿಸಿ ಕೂತಿದ್ದಳು. ಉಸಿರಿಗೊಮ್ಮೆ ಬಾಲ ಏಳುತ್ತಿತ್ತು, ಬೀಳುತ್ತಿತ್ತು. ಮೊಟ್ಟೆ ಹೊಟ್ಟೆಯೊಳಗೇ ಸಿಕ್ಕಿಕೊಂಡಿತ್ತು. ಹೊರಗೆ ಹಿಮಗಾಳಿ, ಪಕ್ಕದೂರಿನ ರಸ್ತೆ ಬಂದ್. ತೋಕುಜಿ ತಾವೇ ವರ್ಷಗಟ್ಟಲೆ ತೆರವು ಮಾಡಿದ ರಸ್ತೆಯ ಬಾಯಲ್ಲಿ ಕಾರು ನಿಲ್ಲಿಸಿ, ಅವಳನ್ನು ಅಂಗಿಯೊಳಗೆ ಇಟ್ಟುಕೊಂಡು, ಈಗ ಯಾರೋ ಹುಡುಗರು ಓಡಿಸುವ ಹಿಮದ ಗಾಡಿಗಾಗಿ ಮೂರು ಗಂಟೆ ಕಾದರು, ನಾನು ಪಕ್ಕದ ಸೀಟಿನಲ್ಲಿದ್ದೆ. ಡಾಕ್ಟರ ಮೇಜಿನ ಮುಂದೆ ಅಂಗಿ ಬಿಚ್ಚಿದಾಗ ಯುಜು ಸೆಟೆದಿದ್ದಳು.

ಗೂಡಿನಂಥ ಜಾಗ ಏನಾದರೂ ಸಿಕ್ಕಿತ್ತೇ, ಯಾರಾದರೂ ಮುದ್ದು ಮಾಡಿದ್ದರೇ ಎಂದು ಕುದೋ ಮೆಲ್ಲಗೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತೋಕುಜಿ ತಲೆ ತಗ್ಗಿಸಿದರು.

"ನಾನೇ. ದಿನಾ ಸಂಜೆ ಮುಚ್ಚಿದ ಮೇಲೆ ಬಟ್ಟೆಗೆ ಬಾಯಿಟ್ಟು, ಮಲಕ್ಕೋ ಕಂದಾ, ವಸಂತ ಬರುತ್ತೆ ಅಂತ ಹೇಳ್ತಿದ್ದೆ. ಒಂದೇ ಮಾತು. ತಡ್ಕೊಳಕ್ಕಾಗ್ಲಿಲ್ಲ."

ಒಂದು ಮಾತಿಗೆ ಮೊಟ್ಟೆಯಾಗದೆಂದು ಕುದೋಗೆ ತಿಳಿದಿರಬೇಕು. ಅವಳು ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿನ ಹಳದಿ ಪುಕ್ಕ ನೋಡುತ್ತ ನಿಂತೆ.

ಮನೆಗೆ ಬಂದವರೇ ತೋಕುಜಿ ಕೊತಾತ್ಸು ಬಿಚ್ಚಿ ರಜಾಯಿ ಮಡಿಸಿ ಬೀರುವಿಗೆ ಸೇರಿಸಿದರು. ಫೆಬ್ರವರಿಯ ಚಳಿಯಲ್ಲಿ ಈಗ ನಾವಿಬ್ಬರೂ ಕೋಟು ಹಾಕಿಕೊಂಡು ಬರಿ ಮೇಜಿನ ಎದುರು ಬದುರು ಕೂರುತ್ತೇವೆ. ಹೇಳಿಬಿಡಬೇಕೆಂದು ದಿನಾ ನಾಲಿಗೆ ತುದಿಗೆ ಬರುತ್ತದೆ. ಹೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ, ನನಗೆ ಅದು ಗೊತ್ತು. ಆದರೆ ಅವರು ಈಗ ನನ್ನ ಜೊತೆ ಮಾತಾಡುತ್ತಾರೆ. ಸಂಜೆ ಐದಾಯಿತೆಂದರೆ ಖಾಲಿ ಪಂಜರದಿಂದ ಕಣ್ಣು ತೆಗೆದು ನನ್ನ ಮುಖ ನೋಡಿ ಕೇಳುತ್ತಾರೆ.

"ನಾನೇ ಅಲ್ವೇನೇ ಕೊಂದಿದ್ದು?"

"ಅದರ ಆಯಸ್ಸು ಅಷ್ಟೇ ಇತ್ತು ಬಿಡಿ," ಎಂದು ನಾನು ಚಹಾ ಬಗ್ಗಿಸುತ್ತೇನೆ.