ಹಸಿ ಬಟ್ಟೆಯ ಕೆಳಗೆ

ಸ್ಟುಡಿಯೋ ಅಕ್ಕ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಸಂತೆಯೊಳಗೆ ಕಾಲಿಟ್ಟಾಗ ಬೆಳಗ್ಗೆ ಆರೂವರೆ. ಹಿಂದೆ ಅವಳ ನಾದಿನಿ, ಬಾಗಿಲಷ್ಟು ಅಗಲದ ಬಿಳಿ ಥರ್ಮೋಕೋಲ್ ಹಾಳೆಯನ್ನು ತಬ್ಬಿಕೊಂಡು ಗೊಣಗುತ್ತಾ ಬರುತ್ತಿದ್ದಳು. ನೆರಳು ಬಿದ್ದ ಕಡೆಗೆ ಆ ಹಾಳೆಯಿಂದ ಬೆಳಕು ತಿರುಗಿಸುವುದು ಅವಳ ಕೆಲಸ.

"ಅತ್ತಿಗೆ, ಗಾಳಿ ಬಂದ್ರೆ ಹಾಳೆ ಜೊತೆ ನಾನೂ ಹಾರಿಹೋಗ್ತೀನಿ."

"ನಿನ್ನನ್ನ ಹಾರಿಸೋ ಗಾಳಿ ಇನ್ನೂ ಹುಟ್ಟಿಲ್ಲ. ನೆಟ್ಟಗೆ ಹಿಡಿ."

ರೈತರು ತಾವು ಬೆಳೆದದ್ದನ್ನು ತಾವೇ ತಂದು ಮಾರುವ ಶನಿವಾರದ ಸಂತೆ ಅದು. ಅದರ ಕಾರ್ಯದರ್ಶಿ ಬಾಗಿಲಿಗೆ ದೊಡ್ಡ ಫಲಕ ಹಾಕಿಸಲು ಹೊರಟಿದ್ದ. ಅಕ್ಕ ಎಲ್ಲ ಅಂಗಡಿಗಳ ಫೋಟೋ ತೆಗೆದು, ಒಂಬತ್ತು ಗಂಟೆಗೆ ಅದರಲ್ಲಿ ಒಂದನ್ನು ಆರಿಸಿ ಕೊಡಬೇಕು. ಅದು ಆಳೆತ್ತರವಾಗಿ ಬಾಗಿಲಲ್ಲಿ ನಿಲ್ಲುತ್ತದೆ.

ಸುದ್ದಿ ಮೊದಲೇ ಹಬ್ಬಿತ್ತು. ಟೊಮೆಟೊದವನು ಒಂದೊಂದೇ ಹಣ್ಣನ್ನು ಒರೆಸಿ ಗೋಪುರ ಕಟ್ಟಿದ್ದ. ಕೊಳ್ಳಲು ಬಂದವರಿಗೆ "ಮೇಲಿಂದ ಮುಟ್ಟಬೇಡಿ, ಕೆಳಗಿಂದಂತೂ ಬೇಡವೇ ಬೇಡ" ಎನ್ನುತ್ತಿದ್ದ. ಮೊಟ್ಟೆಯವಳು ಹೊಸ ಸ್ವೆಟರ್ ತೊಟ್ಟು, ಕಣ್ಣು ಪಿಳುಕಿಸದೆ ನಿಂತಿದ್ದಳು.

"ಮೊಟ್ಟೆ ಇಡೋದು ಕೋಳಿ ಕಣಮ್ಮ, ನೀನ್ಯಾಕೆ ಉಸಿರು ಬಿಗಿ ಹಿಡಿದಿದ್ದೀಯ?" ಎಂದಳು ಅಕ್ಕ. ಮೊಟ್ಟೆಯವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಮೂವತ್ತು ವರ್ಷ ಮದುವೆ ಮನೆ, ಗುರುತಿನ ಚೀಟಿ ಎಂದು ಜನರ ಮುಖ ನೋಡಿ ನೋಡಿ ಪಳಗಿದವಳು ಅವಳು. ಕ್ಯಾಮೆರಾ ಕಂಡೊಡನೆ ಕೊರಡಿನಂತೆ ಸೆಟೆಯುವವರನ್ನು ಎಲ್ಲಿ ಕೆಣಕಿದರೆ ಸಡಿಲವಾಗುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಂಟೂಕಾಲಿಗೆಲ್ಲ ಇಪ್ಪತ್ತೊಂದು ಅಂಗಡಿ ಮುಗಿದವು.

ಉಳಿದದ್ದು ನೀರಿನ ತೊಟ್ಟಿಯ ಹಿಂದಿನ ಸಾಲು. ಆ ಸಾಲಿನಲ್ಲಿ ಇದ್ದದ್ದೂ ಒಂದೇ ಅಂಗಡಿ, ಅದರ ಮುಂದೆ ಯಾರ‍್ಯಾರದೋ ಸೈಕಲ್ಲುಗಳು. ಅಂಗಡಿಯವನು ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅಣಬೆ ಬೆಳೆಯುತ್ತಿದ್ದ. ಬೆಳಗಿನ ಜಾವ ಕೊಯ್ದು, ಪೆಟ್ಟಿಗೆಗೆ ತುಂಬಿ, ಮೇಲೆ ಹಸಿ ಬಟ್ಟೆ ಹೊದಿಸಿ ತರುತ್ತಿದ್ದ. ಕೊಳ್ಳುವವರು ಬಂದರೆ ಒಂದು ಮೂಲೆ ಎತ್ತಿ ತೋರಿಸುವುದು, ತಕ್ಷಣ ಮುಚ್ಚುವುದು. ಸಂತೆಯವರು ಅವನಿಗೆ ಮುಚ್ಚಳ ಎಂದೇ ಹೆಸರಿಟ್ಟಿದ್ದರು.

"ಬಟ್ಟೆ ತೆಗಿ ಅಣ್ಣ, ಎರಡೇ ನಿಮಿಷ."

"ಆಗಲ್ಲಕ್ಕ. ಗಾಳಿ ತಾಗಿದ್ರೆ ಒಣಗಿ ಅಂಚು ಕಂದುತ್ತೆ. ನಿಮ್ಮ ಎರಡು ನಿಮಿಷ ನಂಗೊತ್ತಿಲ್ವಾ? ಗುರುತಿನ ಚೀಟಿ ಫೋಟೋಗೆ ಮುಕ್ಕಾಲು ಗಂಟೆ ಕೂರಿಸಿದ್ರಿ."

"ನೀನು ಕಣ್ಣು ಮುಚ್ಚೋದು ಬಿಟ್ಟಿದ್ರೆ ತಾನೇ?"

ಮುಚ್ಚಳ ನಗಲಿಲ್ಲ. "ತೆಗೆದು ಪ್ರಯೋಜನ ಏನಕ್ಕ? ಬರೋ ತಿಂಗಳಿಂದ ಈ ಸಾಲು ಸೈಕಲ್ ನಿಲ್ಲಿಸೋಕಂತೆ. ಜನ ಈ ಕಡೆ ಸುಳಿಯಲ್ಲ, ಅಂಗಡಿ ಎತ್ತು ಅಂದಿದ್ದಾರೆ ಕಾರ್ಯದರ್ಶಿ."

"ಮುಂದಿನ ಸಾಲಿಗೆ ಬಾ ಮತ್ತೆ."

"ಅಲ್ಲಿ ಎಂಟಕ್ಕೆಲ್ಲ ಬಿಸಿಲು. ಈ ತೊಟ್ಟಿ ನೆರಳು ತಪ್ಪಿದ್ರೆ ಈ ಸಂತೇಲಿ ನಂಗೆ ಜಾಗ ಇಲ್ಲ. ಬಾಡಿದ್ದನ್ನ ಜನರ ಕೈಗೆ ಕೊಡೋದು ನನ್ನಿಂದಾಗಲ್ಲ."

ಅಯ್ಯೋ ಪಾಪ ಎನ್ನುವ ಜಾಯಮಾನ ಅಕ್ಕನದಲ್ಲ. ನಿಂತು ನೋಡಿದಳು: ನಾಲ್ಕು ಪೆಟ್ಟಿಗೆ, ನಾಲ್ಕು ಬೂದು ಬಟ್ಟೆ, ಮುಖ ಊದಿಸಿಕೊಂಡ ಒಬ್ಬ ಗಂಡಸು.

"ಹೀಗೇ ತೆಗೆದ್ರೆ ಒಗೆದ ಬಟ್ಟೆ ಮಾರ್ತಾನೆ ಅಂದ್ಕೋತಾರೆ," ಎಂದು ನಾದಿನಿ ಕಿವಿಯಲ್ಲಿ ಪಿಸುಗುಟ್ಟಿದಳು.

ಅಕ್ಕನ ತಲೆ ಬೇರೆ ಕಡೆ ಓಡುತ್ತಿತ್ತು. ಬೆಳಗಿನಿಂದ ತೆಗೆದ ಇಪ್ಪತ್ತೊಂದು ಅಂಗಡಿಯಲ್ಲೂ ಇದ್ದಬದ್ದದ್ದೆಲ್ಲ ಎದುರಿಗೇ ಇತ್ತು. ಅವುಗಳ ಫೋಟೋ ನೋಡಿದವರು ನೋಡಿಯಾಯಿತು ಎಂದು ಮನೆಗೆ ಹೋಗಬಹುದು. ಇಲ್ಲಿ ಹಾಗಲ್ಲ, ಬಗ್ಗಿದವರಿಗಷ್ಟೇ ಕಾಣುತ್ತದೆ. ಹಾಗಾದರೆ ಬಗ್ಗಿದವರ ಮುಖವನ್ನೇ ಹಿಡಿಯಬೇಕು.

"ಹಾಳೆ ಆ ಬಿಸಿಲು ಬಿದ್ದಿರೋ ಗೋಡೆಗೆ ಒರಗಿಸು," ಎಂದಳು ನಾದಿನಿಗೆ. "ಇನ್ನೂ ಸ್ವಲ್ಪ ವಾರೆ. ಹಾಂ. ಈಗ ಮನೆಗೆ ಒಂದಿಷ್ಟು ಅಣಬೆ ತಗೋ. ನೋಡಿ ತಗೋ ಮತ್ತೆ, ಹೋದ ವಾರ ತಂದ ಬದನೆಕಾಯಲ್ಲಿ ಹುಳ ಇತ್ತು."

"ನಾನು ನೋಡದೆ ತರ್ತೀನಾ?" ನಾದಿನಿಗೆ ಉರಿದುಹೋಯಿತು. "ಆ ಬದನೆಕಾಯಿ ತಂದಿದ್ದು ನಿಮ್ಮ ಗಂಡ!"

ಆ ಸಿಟ್ಟಿನಲ್ಲೇ ಪೆಟ್ಟಿಗೆಯ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟಳು. "ಎತ್ತಣ್ಣ. ಹಳೇದಿದ್ರೆ ಇಲ್ಲೇ ಹೇಳಿಬಿಡು."

ಅಕ್ಕ ಅಷ್ಟರಲ್ಲಿ ಮೊಣಕಾಲೂರಿ ಕೂತಾಗಿತ್ತು. ಮುಚ್ಚಳ ಬಟ್ಟೆಯನ್ನು ಗೇಣುದ್ದ ಎತ್ತಿದ. ಹುಬ್ಬು ಗಂಟಿಕ್ಕಿಕೊಂಡೇ ನಾದಿನಿ ಬಗ್ಗಿದಳು. ಹಾಳೆಯ ಬೆಳಕು ಒಳಗೆ ಹೊಕ್ಕು, ಬಿಳಿ ಬಿಳಿ ಟೊಪ್ಪಿಗಳ ಮೇಲೆ ಬಿದ್ದು, ಅವಳ ಮುಖಕ್ಕೆ ಚೆಲ್ಲಿತು. ಗಂಟು ಬಿಚ್ಚಿತು, ಬಾಯಿ ತೆರೆಯಿತು. "ಅಯ್ಯಯ್ಯೋ, ಎಷ್ಟು ಮುದ್ದಾಗಿದ್ದಾವೆ!"

ಯಾರ ಮುಖವನ್ನೂ ನೆಟ್ಟಗೆ ನೋಡದ ಮುಚ್ಚಳ ಈಗ ಅವಳ ಮುಖವನ್ನೇ ನೋಡುತ್ತಿದ್ದ, ತೊಟ್ಟಿಲ ಕೂಸನ್ನು ತೋರಿಸುವ ಅಪ್ಪನ ಹಾಗೆ. ಅಕ್ಕ ಗುಂಡಿ ಒತ್ತಿದಳು. ಒಂದೇ ಸಲ. ಇನ್ನೊಂದು ಬೇಕು ಅನಿಸಲೇ ಇಲ್ಲ.

ಒಂಬತ್ತಕ್ಕೆ ಕಾರ್ಯದರ್ಶಿ ಬಾಗಿಲಲ್ಲೇ ಕಾದಿದ್ದ. ಕ್ಯಾಮೆರಾದ ಪರದೆಯಲ್ಲಿ ಟೊಮೆಟೊ ಗೋಪುರ ಕಂಡದ್ದೇ, "ಇದೇ ಸಾಕಕ್ಕ, ಭರ್ಜರಿ!" ಎಂದ.

"ಸಾಕಾದ್ರೆ ಸರಿ. ಇದನ್ನೊಂದು ನೋಡಿಬಿಡಿ."

ಅವನು ನೋಡಿದ. ಕನ್ನಡಕ ಮೇಲೇರಿಸಿ ಮತ್ತೆ ನೋಡಿದ. ಫೋಟೋದಲ್ಲಿ ಒಂದು ಅಣಬೆಯೂ ಇರಲಿಲ್ಲ. ಎತ್ತಿದ ಬಟ್ಟೆಯೇ ಅಡ್ಡ ಬಂದಿತ್ತು.

"ಏನಿದೆ ಆ ಪೆಟ್ಟಿಗೇಲಿ? ನಾನು ಒಂದು ದಿನಾನೂ ಬಗ್ಗಿ ನೋಡಿಲ್ಲ."

"ಹೋಗಿ ನೋಡಿ."

"ಅಲ್ಲ, ನಾನು ಕಾರ್ಯದರ್ಶಿ. ನಂಗೂ ಹೇಳಲ್ವಾ?"

"ತೊಟ್ಟಿ ಹಿಂದೆ. ಅರವತ್ತು ಹೆಜ್ಜೆ ಆಗಬಹುದು."

ಕಾರ್ಯದರ್ಶಿ ಬಿರಬಿರನೆ ನಡೆದ. ಸೈಕಲ್ಲುಗಳ ನಡುವೆ ಹೊಟ್ಟೆ ಎಳೆದುಕೊಂಡು ನುಸುಳಿದ. ಸಂತೆಯ ಇನ್ನಿಬ್ಬರು, ಇವನೆಲ್ಲಿಗೆ ಹೊರಟ ಎಂದು ಬೆನ್ನು ಹತ್ತಿದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಪೊಟ್ಟಣ, ಪ್ಯಾಂಟಿಗೆ ಸೈಕಲ್ ಚೈನಿನ ಎಣ್ಣೆ.

"ಇದೇ ಇರಲಿ ಅಕ್ಕ, ಬಾಗಿಲಿಗೆ. ಆ ಸೈಕಲ್ಲುಗಳನ್ನ ಬೇರೆ ಕಡೆ ಹಾಕಿಸ್ತೀನಿ. ಇದನ್ನ ನೋಡಿದವರೆಲ್ಲ ಅಲ್ಲಿಗೇ ಬಂದ್ರೆ ನಿಲ್ಲೋಕೂ ಜಾಗ ಇಲ್ಲ."

"ಅಂಗಡಿ?"

"ಅಂಗಡಿ ಇಲ್ಲದೆ ಫೋಟೋ ಹಾಕಿ ಬೈಸಿಕೊಳ್ಳಲಾ? ಇರುತ್ತೆ, ಅಲ್ಲೇ ಇರುತ್ತೆ."

ನಾದಿನಿ ಈಗ ಪರದೆಗೆ ಮೂಗು ತಾಗಿಸಿದಳು. "ಅತ್ತಿಗೆ! ಇದು ನಾನಲ್ವಾ? ಸಂತೆ ಬಾಗಿಲಲ್ಲಿ ಆಳೆತ್ತರ? ತಲೆ ಕೂಡ ಬಾಚಿಲ್ಲ! ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ನನ್ನ ಕಡೆ ನೋಡ್ತಿದ್ದೆ," ಎಂದಳು ಅಕ್ಕ, ಕ್ಯಾಮೆರಾಕ್ಕೆ ಮುಚ್ಚಳ ಹಾಕುತ್ತಾ. "ಹಾಳೆ ಎತ್ತಿಕೋ, ಹೋಗೋಣ."