ಕೊರ್ಕೊರ್ ಆಂಟಿಯ ಬೀಳ್ಕೊಡುಗೆ ಊಟ

ತಟ್ಟೆ ಹೋಯಿತು, ಕೈ ಇನ್ನೂ ಅಲ್ಲೇ ಇದೆ, ಬೆರಳ ತುದಿಯಲ್ಲಿ ಒಂದು ತುತ್ತು ಬಂಕು ಮುದ್ದೆ, ಅದ್ದಲು ಖಾರವಿಲ್ಲ, ಮುರಿದುಕೊಳ್ಳಲು ಮೀನಿಲ್ಲ, ಎದುರಿಗೆ ಬರೀ ಮೇಜು — ಕ್ಷಮಿಸಿ ಮೇಡಂ, ಮುಗೀತು ಅನ್ಕೊಂಡೆ, ಎಂದ ವೇಟರ್ ಆಗಲೇ ನಾಲ್ಕು ಹೆಜ್ಜೆ ಆಚೆ ಹೋಗಿದ್ದಾನೆ, ಮುಗಿದಿರಲಿಲ್ಲ ಮಾರಾಯ, ಒಂದು ಮಗ್ಗುಲು ಪೂರ್ತಿ ಉಳಿದಿತ್ತು, ಒಂದು ವಾರದಿಂದ ಈ ಮೀನಿನ ವರ್ಣನೆ ಕೇಳಿ ಕೇಳಿ ಹೊಟ್ಟೆ ತುಂಬಿತ್ತು, ಆಂಟಿ, ಲಬೋನೆಯಲ್ಲಿ ಹೊಸ ರೆಸ್ಟೋರೆಂಟು, ವೋಲ್ಟಾ ಹೊಳೆ ಮೀನು ಕೆಂಡದ ಮೇಲೆ ಸುಡ್ತಾರೆ, ಊಟ ಆಗ್ತಿದ್ದ ಹಾಗೇ ಡ್ಯಾನ್ಸು ಶುರು, ನಿಮ್ಮ ಬೀಳ್ಕೊಡುಗೆ ಅಂದ್ರೆ ಸುಮ್ನೇನಾ, ಎಂದು ಕುಣಿದವಳು ಸೆಲಾಸಿ, ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರುವವಳು, ಒಳ್ಳೆಯ ಹುಡುಗಿಯೇ, ಕೆಟ್ಟವಳಲ್ಲ, ಇಪ್ಪತ್ತೇಳು ವರ್ಷ ನಾನು ಕೂತ ಕುರ್ಚಿಯ ಒಂದು ಕಾಲು ಕುಂಟುತ್ತದೆ ಎಂದು ಅವಳಿಗೆ ಹೇಳಿಲ್ಲ, ಕೂತಾಗ ತಾನೇ ತಿಳಿಯುತ್ತದೆ — ಆ ಕುರ್ಚಿ, ಆ ಕಿಟಕಿ, ಕಿಟಕಿಯಾಚೆ ಬಸ್ಸುಗಳ ಸಾಲು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಡ್ರೈವರು ಯಾವ ಬಸ್ಸು ಹತ್ತಬೇಕು, ಎಲ್ಲ ನನ್ನ ಬಾಯಿಂದ ಬರಬೇಕಿತ್ತು, ಅಕ್ರಾದಿಂದ ಕುಮಾಸಿಗೆ, ಕುಮಾಸಿಯಿಂದ ಟಮಾಲೆಗೆ, ಕೊರ್ಕೊರ್ ಮೇಡಂ ಹೇಳಿದ ಮೇಲೆ ಆಯಿತು. ಬೆರಳು ಎಲ್ಲಿ ಒರೆಸಿಕೊಳ್ಳಲಿ. ಇನ್ನೂ ಎಂಟು ಗಂಟೆಯಾಗಿಲ್ಲ, ಆಗಲೇ ದೀಪ ಇಳಿಸುತ್ತಿದ್ದಾರೆ, ಪಕ್ಕದ ಮೇಜಿನಲ್ಲಿ ಯಾವಳದೋ ಹುಟ್ಟುಹಬ್ಬವಂತೆ, ಅದಕ್ಕೇ ಡ್ಯಾನ್ಸು ಬೇಗ ಶುರುವಂತೆ, ನಮ್ಮ ಮೇಜನ್ನೂ ಗೋಡೆಗೆ ಒತ್ತರಿಸುತ್ತಾರಂತೆ. ಸೆಲಾಸಿ ಕಿವಿಯ ಹತ್ತಿರ ಬಂದು, ಆಂಟಿ, ಬಾಸ್ ಕಾರ್ಯಕ್ರಮ ಈಗ್ಲೇ ಮುಗಿಸಿಬಿಡ್ತಾರೆ, ನಿಮ್ಮ ಭಾಷಣ ಆಮೇಲೆ ನಿಧಾನವಾಗಿ ಇಟ್ಕೊಳ್ಳೋಣ, ಆಯ್ತಾ — ಆಮೇಲೆ ಎಂದರೆ ಯಾವಾಗ, ಆ ಸ್ಪೀಕರ್ ಡಬ್ಬಗಳು ಬಡಿಯಲು ಶುರುವಾದ ಮೇಲೋ — ಒಡುರೊ ಎದ್ದು ನಿಂತ, ನಮ್ಮ ಮಾಲೀಕ, ಎಪ್ಪತ್ತರ ಹತ್ತಿರ, ಬೆನ್ನು ಒಂದಿಷ್ಟೂ ಬಾಗಿಲ್ಲ, ಬಿಳಿ ಅಂಗಿಯ ತೋಳು ಇಸ್ತ್ರಿಯ ಗೆರೆಯಲ್ಲಿ ಚೂಪಾಗಿದೆ, ಕೈಯಲ್ಲಿ ಚಿನ್ನದ ಬಣ್ಣದ ಚೌಕಟ್ಟು ಹಾಕಿದ ಸನ್ಮಾನ ಪತ್ರ, ಕನ್ನಡಕ ತರಲು ಮರೆತಿದ್ದಾನೆ, ದೂರ ಹಿಡಿದು ಓದುತ್ತಾನೆ, ಇಪ್ಪತ್ತೇಳು ವರ್ಷದಲ್ಲಿ ಈಕೆಯ ಕೈಯಿಂದ ಒಂದು ಬಸ್ಸೂ ತಡವಾಗಿ ಹೊರಡಲಿಲ್ಲ. ಚಪ್ಪಾಳೆ. ನಾನೂ ತಟ್ಟಿದೆ, ಬಂಕು ಅಂಟಿದ ಕೈಯಲ್ಲೇ.

ಒಂದು ಬಸ್ಸೂ ತಡವಾಗಲಿಲ್ಲ, ನಿಜ, ಅದೇ ಸುಡುವುದು, ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಹನ್ನೊಂದು ವರ್ಷದ ಹಿಂದೆ ಆ ಈಸ್ಟರ್ ವಾರದ ಟಮಾಲೆ ಬಸ್ಸು ಕೂಡ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಹೊರಟಿತು, ಒಂದು ನಿಮಿಷ ಆಚೆ ಈಚೆ ಇಲ್ಲ, ಹೊರಡುವ ಮೊದಲು ಡ್ರೈವರ್ ಅಗ್ಬೆಕೊ ನನ್ನ ಕಿಟಕಿಯ ಮುಂದೆ ನಿಂತಿದ್ದ, ಆ ಉದ್ದನೆಯ ಮನುಷ್ಯ ಕಿಟಕಿಗೆ ಬಗ್ಗಿ ಮಾತಾಡಬೇಕು, ಬೆಳಗಿನ ಜಾವ ತಾನೇ ಟಮಾಲೆಯಿಂದ ಗಾಡಿ ತಂದು ನಿಲ್ಲಿಸಿದ್ದ, ಸಾಮಾನು ಇಳಿಸಿ ಲೆಕ್ಕ ಒಪ್ಪಿಸುವುದರಲ್ಲೇ ಹೊತ್ತಾಗಿ ಮನೆಗೂ ಹೋಗಿರಲಿಲ್ಲ, ಅಂಗಿಯಲ್ಲಿ ರಾತ್ರಿಯ ಬೆವರು ಒಣಗಿ ಉಪ್ಪಿನ ಗೆರೆ, ಮೇಡಂ, ಕಣ್ಣಲ್ಲಿ ಮರಳು ಬಿದ್ದ ಹಾಗಿದೆ, ಇವತ್ತೊಂದು ದಿನ ಬಿಟ್ಬಿಡಿ, ನಾಳೆ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ — ಹೋಗಬೇಕಾಗಿದ್ದ ಇನ್ನೊಬ್ಬ ಡ್ರೈವರು ಮಲೇರಿಯಾ ಹಿಡಿದು ಮಲಗಿದ್ದ, ಬಸ್ಸು ತುಂಬಿ ಜನ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ನಾನು ಫೋನ್ ಮಾಡಿದೆ, ಹೌದು, ಅಷ್ಟು ಮಾಡಿದೆ, ಒಡುರೊ ಊಟ ಮಾಡುತ್ತಿದ್ದ, ಬಾಯಿ ತುಂಬ ಅನ್ನವಿಟ್ಟುಕೊಂಡೇ ಮಾತಾಡಿದ, ಕೊರ್ಕೊರ್, ನಿನ್ನ ಮುಂದೆ ಯಾರು ನಿಂತಿದಾನೋ ಅವನನ್ನ ಹತ್ತಿಸು, ಇದನ್ನೂ ನಾನೇ ಹೇಳ್ಕೊಡ್ಬೇಕಾ. ನಾನು ಹತ್ತಿಸಿದೆ. ಏನಂದೆ, ಮರೆತಿದ್ದರೆ ಚೆನ್ನಾಗಿತ್ತು, ಮರೆತಿಲ್ಲ, ಸುಸ್ತು ಯಾರಿಗಿಲ್ಲ ಅಗ್ಬೆಕೊ, ನನಗೂ ಸುಸ್ತೇ, ಹೋಗ್ಬಾ, ಎಂದೆ, ಫ್ಯಾನಿನ ಕೆಳಗೆ ಕೂತುಕೊಂಡು ಎಂದೆ, ಅವನು ಆಗ್ಲಿ ಮೇಡಂ ಎಂದು ನಲ್ಲಿಯಲ್ಲಿ ತಲೆಗೆ ನೀರು ಹುಯ್ದುಕೊಂಡು ಹೋದ. ಕಿಂಟಾಂಪೊ ದಾಟಿದ ಮೇಲೆ, ಕತ್ತಲಲ್ಲಿ, ದೀಪವಿಲ್ಲದೆ ಕೆಟ್ಟು ನಿಂತ, ಮರದ ದಿಮ್ಮಿ ತುಂಬಿದ ಲಾರಿ. ನಾಲ್ಕು ಜನ ಸತ್ತರು. ಅವನ ಕಾಲು ಸ್ಟಿಯರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಮಾರನೆಯ ದಿನ ಒಡುರೊ ತಾನೇ ನನ್ನ ಕೋಣೆಗೆ ಬಂದ, ಎಂದೂ ಬಾರದವನು, ಬಾಗಿಲು ಹಾಕಿದ, ಡ್ಯೂಟಿ ಪುಸ್ತಕ ತೆರೆದು ಅಗ್ಬೆಕೊನ ಹೆಸರಿನ ಮುಂದೆ ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟ, ಎಂಟು ಗಂಟೆ ವಿಶ್ರಾಂತಿ ಅಂತ ಬರಿ, ಇಲ್ದಿದ್ರೆ ಕಂಪನಿ ಮುಚ್ಚಿಸ್ತಾರೆ, ನಮ್ಮ ಇನ್ನೂರು ಮನೆಗಳ ಒಲೆ ಉರೀಬೇಕಲ್ಲ, ನಿನ್ನ ಮನೇದೂ ಸೇರಿಸಿ ಹೇಳ್ತಿದೀನಿ. ಬರೆದೆ. ದುಂಡಗೆ ಬರೆದೆ. ಕೋರ್ಟಿನಲ್ಲಿ ಆ ಪುಟ ತೋರಿಸಿ ಕೇಳಿದರು, ಇದು ನಿಮ್ಮ ಅಕ್ಷರವೇ, ಹೌದು, ನನ್ನದೇ. ಅಷ್ಟೇ ಕೇಳಿದರು. ನಿಜವೇ ಎಂದು ಕೇಳಲಿಲ್ಲ, ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆ ಎಂದು ಹನ್ನೊಂದು ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಬಂದಿದ್ದೇನೆ, ಕೇಳಿದ್ದರೆ ಹೇಳುತ್ತಿದ್ದೆ, ಕೇಳಿದ್ದರೆ — ಅವನು ಮಾತ್ರ ಕಟಕಟೆಯಲ್ಲಿ ಊರುಗೋಲಿನ ಮೇಲೆ ನಿಂತು, ನಾನು ಮಲಗೇ ಇರ್ಲಿಲ್ಲ ಸ್ವಾಮಿ, ಎಂದು ಎರಡು ಸಲ ಹೇಳಿದ, ನನ್ನ ಕಡೆ ನೋಡಲಿಲ್ಲ, ಮೂರು ವರ್ಷ ಜೈಲು.

ಜಾಗ ಬಿಡಿ ಜಾಗ ಬಿಡಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ, ಯಾವಳೋ ನನ್ನ ಭುಜ ಹಿಡಿದು ಗೋಡೆಯ ಕಡೆ ಸರಿಸಿದಳು, ತಾಯೀ ನೀವು ಈ ಕಡೆ ಬನ್ನಿ ಎಂದು, ಮೆಕ್ಯಾನಿಕ್ಕುಗಳ ಹೆಂಡತಿಯರು ಚಪ್ಪಲಿ ಬಿಟ್ಟು ನಿಂತಾಗಿದೆ, ಅಡುಗೆಮನೆಯಿಂದ ಇನ್ನೂ ಶುಂಠಿ ಹಾಕಿ ಬಾಳೆಹಣ್ಣು ಕರಿದ ವಾಸನೆ ಬರುತ್ತಿದೆ, ಯಾರೂ ತಿನ್ನುತ್ತಿಲ್ಲ, ತಿನ್ನಲೆಂದು ಯಾರೂ ಬಂದಿರಲೂ ಇಲ್ಲ, ಈಗ ಹಂಚಿದ ಬಿಳಿ ಕರವಸ್ತ್ರ ತೆಗೆದು ತಲೆಯ ಮೇಲೆ ಗಿರಗಿರ ತಿರುಗಿಸುವುದು ಇಲ್ಲಿನ ಪದ್ಧತಿಯಂತೆ, ನೂರು ಬಿಳಿ ಚೌಕಗಳು, ಗಾಳಿ ಬರುತ್ತಿದೆ. ಕೈಚೀಲದಲ್ಲಿ ನನ್ನ ಭಾಷಣದ ಮೂರು ಹಾಳೆಗಳು. ಮೂರು ವಾರ ಬರೆದೆ, ಹೊಡೆದು ಹಾಕಿ ಬರೆದೆ, ಮೊದಲ ಹಾಳೆಯಲ್ಲಿ ಎಲ್ಲರಿಗೂ ವಂದನೆ, ಎರಡನೆಯದರಲ್ಲಿ ಅಗ್ಬೆಕೊ, ಮೂರನೆಯದರಲ್ಲಿ ಆ ಎಂಟು ಗಂಟೆ, ಎಲ್ಲರ ಮುಂದೆ, ಒಡುರೊನ ಮುಂದೆ, ಕೆಲಸ ಬಿಟ್ಟ ಮೇಲೆ ನನ್ನನ್ನು ಯಾರೇನು ಮಾಡುತ್ತಾರೆ — ಅದೇ, ಬಿಟ್ಟ ಮೇಲೆ, ಬಿಡುವ ಮೊದಲಲ್ಲ, ಎಂಥ ಜಾಣೆ ನೀನು ಕೊರ್ಕೊರ್. ಬರೆಯಲು ಹಚ್ಚಿದವಳು ಮಾವಿಸ್. ಅಗ್ಬೆಕೊನ ಹೆಂಡತಿ. ಜೈಲಿನಿಂದ ಬಂದು ಅಶೈಮನ್ ರಸ್ತೆ ಬದಿಯಲ್ಲಿ ಕೂತು ಟೈರಿಗೆ ಪಂಕ್ಚರ್ ಹಾಕುತ್ತಿದ್ದ ಆ ಮನುಷ್ಯ ಕಳೆದ ಡಿಸೆಂಬರಿನ ಧೂಳುಗಾಳಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತ, ಎಂಟನೆಯ ದಿನದ ಕಾರ್ಯಕ್ಕೆ ಹೋಗಿದ್ದೆ, ಕಪ್ಪು ಬಟ್ಟೆ ಉಟ್ಟು, ಕೆಂಪು ವಸ್ತ್ರ ತಲೆಗೆ ಕಟ್ಟಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಎದ್ದು ಬಂದುಬಿಡೋಣ ಎನ್ನುವಷ್ಟರಲ್ಲಿ ಅವಳೇ ಬಂದು ನನ್ನ ಎರಡೂ ಕೈ ಹಿಡಿದಳು, ಮೇಡಂ, ಆಫೀಸಿಂದ ಬಂದೋರು ನೀವೊಬ್ರೇ. ಅವಳು ಕೈ ಬಿಡಲಿಲ್ಲ. ಮೇಡಂ, ಒಂದು ಮಾತು ಕೇಳ್ಬೇಕು, ಇಷ್ಟು ವರ್ಷ ಕೇಳೋಕೆ ಯಾರೂ ಸಿಗ್ಲಿಲ್ಲ, ಅವತ್ತು ಬೆಳಿಗ್ಗೆ ಬಂದ್ಮೇಲೆ ಎಂಟು ಗಂಟೆ ಮಲಗಿದ್ರು ಅಂತ ಪುಸ್ತಕದಲ್ಲಿತ್ತಲ್ಲ, ಮನೆಗೆ ಬಂದಿರ್ಲಿಲ್ಲ ಅವ್ರು. ನಾನು ಗಂಜಿ ಕಾಯಿಸಿಟ್ಕೊಂಡು ಕಾದಿದ್ದೆ. ಮನೆಗೆ ಬರ್ಲಿಲ್ಲ ಅಂದ್ರೆ ಎಲ್ಲಿ ಮಲಗಿದ್ರು ಮೇಡಂ. ಯಾರ ಮನೇಲಿ ಮಲಗಿದ್ರು.

ಯಾರ ಮನೇಲಿ. ಹನ್ನೊಂದು ವರ್ಷ. ಜೈಲಿಗೆ ಊಟ ಹೊತ್ತುಕೊಂಡು ಹೋಗಿ ಕಂಬಿಯಾಚೆಯಿಂದ ಇದನ್ನೇ ಕೇಳಿದ್ದಳಂತೆ, ಕುಂಟಿಕೊಂಡು ಮನೆಗೆ ಬಂದ ದಿನವೂ ಇದನ್ನೇ, ಅವನು, ನಾನು ಮಲಗೇ ಇರ್ಲಿಲ್ಲ ಕಣೇ, ಅಂದರೆ, ಪುಸ್ತಕದಲ್ಲಿ ಸುಳ್ಳು ಬರೀತಾರಾ ಅಂತ ಇವಳು, ಆಮೇಲೆ ಅವನು ಹೇಳುವುದನ್ನೇ ಬಿಟ್ಟನಂತೆ, ಮಂಚ ಬೇರೆ ಮಾಡಿದೆ ಮೇಡಂ ಎಂದಳು, ಕೊನೆಗೂ ಬೇರೇನೇ ಇತ್ತು. ನನ್ನ ದುಂಡು ಅಕ್ಷರ ಹೋಗಿ ಅವರ ಮಂಚ ಎರಡು ಮಾಡಿತ್ತು. ಒಂದು ವಾಕ್ಯ ಸಾಕಿತ್ತು ಅಲ್ಲಿ. ಮಲಗಿರಲಿಲ್ಲ ಮಾವಿಸ್, ಸುಳ್ಳು ಬರೆದವಳು ನಾನು. ಬಾಯಿ ತೆರೆದೆ, ನನಗೆ ಸರಿಯಾಗಿ ನೆನಪಿಲ್ಲಮ್ಮ, ಎಂದೆ. ಅವಳು ಪರವಾಗಿಲ್ಲ ಬಿಡಿ ಮೇಡಂ ಎಂದು ನನಗೆ ತಂಪು ಪಾನೀಯದ ಬಾಟಲಿ ತಂದುಕೊಟ್ಟಳು, ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟಳು, ನಾನು ಕುಡಿದೆ. ಹೇಳಬೇಕಾದವಳಿಗೆ ಹೇಳದೆ ಅರವತ್ತು ಜನಕ್ಕೆ ಹೇಳಲು ಭಾಷಣ ಬರೆಯುತ್ತ ಕೂತೆ, ಯಾಕೆಂದರೆ ಭಾಷಣ ಕೇಳಿದವರು ಕೈ ಹಿಡಿದುಕೊಂಡು ಮುಖ ನೋಡುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ, ಈಗ ಅದೂ ಇಲ್ಲ, ಈ ಬಡಿತದಲ್ಲಿ ಭಾಷಣ ಎಲ್ಲಿಂದ ಬಂತು, ನಡೀಲಿಲ್ಲ, ಆಮೇಲೆ ಎಂದರು, ನಾನೇನು ಮಾಡಲಿ — ಅಯ್ಯೋ, ನನಗೆ ಹಗುರಾಗುತ್ತಿದೆ. ಹಾಳೆಗಳು ಚೀಲದಲ್ಲೇ ಉಳಿಯುತ್ತವೆ ಎಂದು ಎದೆ ಹಗುರಾಗುತ್ತಿದೆ, ನಾಚಿಕೆಗೆಟ್ಟವಳೇ.

ಆ ನಾಚಿಕೆಯೇ ನನ್ನನ್ನು ಎಬ್ಬಿಸಿತೋ, ಕುಣಿಯುವವರ ಮೊಣಕೈಗಳ ನಡುವೆ ನುಗ್ಗಿದೆ, ಹಾಡು ಹಾಕುವವನು ದಪ್ಪನೆಯ ನಡುವಯಸ್ಸಿನವ, ನನ್ನನ್ನು ನೋಡಿ ನಕ್ಕ, ಬಾ ತಾಯಿ ಬಾ, ಯಾರ ಹೆಸರು ಕೂಗ್ಬೇಕು ಹೇಳು, ಎಂದು ಮೈಕನ್ನು ತಾನೇ ನನ್ನ ಬಾಯಿಗೆ ಹಿಡಿದ, ಹಾಳೆ ತೆಗೆಯಲು ಸಮಯವಿಲ್ಲ, ಅಗ್ಬೆಕೊ ಎಂದೆ. ಅಷ್ಟು ದೊಡ್ಡದಾಗಿ ನನ್ನ ದನಿಯನ್ನು ನಾನೇ ಎಂದೂ ಕೇಳಿರಲಿಲ್ಲ. ಅಗ್ಬೆಕೊ ಮಲಗಿರಲಿಲ್ಲ, ಎಂದೆ. ಅವನಿಗೆ ಅಷ್ಟು ಸಾಕಾಯಿತು, ಮೈಕು ತನ್ನ ಬಾಯಿಗೆ ಎಳೆದುಕೊಂಡ, ಕೇಳಿದ್ರಾ, ಅಗ್ಬೆಕೊ ಮಲಗಿಲ್ವಂತೆ, ನೀವು ಮಲಗ್ತೀರಾ, ಇಲ್ಲಾ ಎಂದು ಇಡೀ ರೆಸ್ಟೋರೆಂಟು ಕೂಗಿತು, ಅಗ್ಬೆಕೊ ಎಂದ, ಅಗ್ಬೆಕೊ ಎಂದರು, ಕೆಳಗಿನಿಂದ ಬಡಿತ ಏರಿಸಿದ, ಅಗ್ಬೆಕೊ, ಮಲಗಿಲ್ಲ, ಅಗ್ಬೆಕೊ, ಮಲಗಿಲ್ಲ, ಹುಟ್ಟುಹಬ್ಬದವಳು ಕುರ್ಚಿಯ ಮೇಲೆ ಹತ್ತಿ ಸೊಂಟ ತಿರುಗಿಸುತ್ತಿದ್ದಾಳೆ ಅವನ ಹೆಸರಿಗೆ, ನಾನು ಇನ್ನೂ ಮಾತಾಡುತ್ತಲೇ ಇದ್ದೇನೆ, ಸುಳ್ಳು ಬರೆದೆ, ನಾನೇ ಬರೆದೆ, ಬರೀ ತುಟಿ ಆಡುತ್ತಿದೆ, ಸೆಲಾಸಿ ಬಂದು ತೋಳು ಹಿಡಿದಳು, ಮುಖ ತುಂಬ ಬೆವರು, ನಗು, ಆಂಟಿ, ಅಗ್ಬೆಕೊ ಯಾರು, ನಮ್ಮ ಡ್ರೈವರು ಎಂದೆ, ನಿನಗಿಂತ ಮೊದಲಿದ್ದ, ಅಯ್ಯೋ ಆಂಟಿ, ಮೊದಲೇ ಹೇಳೋದಲ್ವಾ, ಅವರನ್ನೂ ಊಟಕ್ಕೆ ಕರೀಬಹುದಿತ್ತು — ಒಡುರೊ, ಒಡುರೊ ಎಲ್ಲಿ, ಅವನಿಗೆ ಗೊತ್ತು, ಇಷ್ಟು ಜನರಲ್ಲಿ ಆ ಎಂಟು ಗಂಟೆಯ ನಿಜ ಗೊತ್ತಿರುವವನು ಅವನೊಬ್ಬ, ಅಗೋ, ಕುಣಿಯುವವರ ನಡುವೆ, ಕೈ ಮೇಲೆತ್ತಿದ್ದಾನೆ, ಕೈಯಲ್ಲಿ ಕರವಸ್ತ್ರ, ತಿರುಗುತ್ತಿಲ್ಲ, ಸುತ್ತ ಎಲ್ಲ ತಿರುಗುತ್ತಿವೆ, ಅದೊಂದು ಬಾವುಟ ಇಳಿದ ಹಾಗೆ ಜೋತುಬಿದ್ದಿದೆ, ಕೇಳಿಸಿದೆ ಅವನಿಗೆ, ನನ್ನನ್ನೇ ನೋಡುತ್ತಿದ್ದಾನೆ, ಒಬ್ಬನಿಗಾದರೂ ತಲುಪಿತಲ್ಲ, ಬಾಯಿ ಸ್ವಲ್ಪ ತೆರೆದಿದೆ, ಬೆನ್ನು ಮೊದಲ ಸಲ ಬಾಗಿದ ಹಾಗಿದೆ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಯಾರಿಗೂ ಏನೂ ಗೊತ್ತಾಗಿಲ್ಲ, ಎಲ್ಲರೂ ಕುಣಿಯುತ್ತಿದ್ದಾರೆ, ಅದು ಅವನಿಗೂ ಕಂಡಿತು, ಮತ್ತೆ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿ ನಕ್ಕ, ಒಳ್ಳೆ ಹೆಂಗಸು ಎನ್ನುವ ಹಾಗೆ, ಆ ಕರವಸ್ತ್ರ ಒಂದು ಸಲ ಅಲ್ಲಾಡಿತು, ನಿಂತಿತು, ಬಿಳಿ, ಇಸ್ತ್ರಿಯ ತೋಳಿನ ತುದಿಯಲ್ಲಿ ಬಿಳಿ, ಮಾವಿಸ್ ನಿನ್ನ ನಂಬರ್ ನನ್ನ ಫೋನಿನಲ್ಲಿದೆ, ಈಗಲೇ, ಹೊರಗೆ ಹೋಗಿ — ಬಾಗಿಲ ಕಡೆ ತಿರುಗದೆ ಅವನನ್ನೇ ನೋಡುತ್ತಿದ್ದೇನೆ, ಆ ಕರವಸ್ತ್ರ ಸುತ್ತಿತು, ಅಗ್ಬೆಕೊ, ಸುತ್ತಿತು, ಮಲಗಿಲ್ಲ, ನಿಧಾನವಾಗಿ, ಒಂದು ಸುತ್ತು, ಇನ್ನೊಂದು ಸುತ್ತು, ಈಗ ಎಲ್ಲರ ಹಾಗೆ, ಎಲ್ಲರಿಗಿಂತ ಜೋರಾಗಿ, ಆ ಬಿಳಿ ಕರವಸ್ತ್ರ.